ಬಿಲ್ಲಸುರ್ಗಂ ಗವಿಗಳು: ನೆಲದೊಳಗಿನ ಇತಿಹಾಸ ಮತ್ತು ಅದರ ರಕ್ಷಣೆ

ಶಾಲೆಯೊಂದು ನೂರು ವರ್ಷಗಳನ್ನು ಪೂರೈಸಿದಾಗ ಹೊರಡುವ ಸ್ಮರಣ ಸಂಪುಟದಲ್ಲಿ ಸಂಸ್ಥಾಪಕರನ್ನು, ದಾನಿಗಳನ್ನು, ಗುರುಪರಂಪರೆಯನ್ನು ನೆನೆಯುವುದು ವಾಡಿಕೆ. ಆ ಪುಣ್ಯಕಾರ್ಯವನ್ನು ಈ ಸಂಪುಟದ ಇತರ ಲೇಖನಗಳು ನೆರವೇರಿಸಿವೆ. ನಾವು ಬರೆಯಹೊರಟಿರುವುದು ಶಾಲೆಗಿಂತಲೂ ಊರಿಗಿಂತಲೂ ಹಳೆಯದಾದ, ಯಾವ ಶಾಸನದಲ್ಲಿಯೂ ಕೆತ್ತದ, ಆದರೆ ನಮ್ಮ ನೆಲವೇ ಬರೆದಿಟ್ಟುಕೊಂಡ ಇತಿಹಾಸವೊಂದರ ಕುರಿತು. ಅದು ಬೇತಂಚೆರ್ಲದ ಸಮೀಪದ ಬಿಲ್ಲಸುರ್ಗಂ ಗವಿಗಳಲ್ಲಿ ದೊರೆತ ಪ್ರಾಚೀನ ಪ್ರಾಣಿಗಳ ಎಲುಬುಗಳ ಇತಿಹಾಸ.

ಆದವಾನಿಯ ಮಕ್ಕಳು ಡೈನೋಸಾರುಗಳ ಹೆಸರುಗಳನ್ನು ನಿರರ್ಗಳವಾಗಿ ಹೇಳಬಲ್ಲರು. ಚಲನಚಿತ್ರಗಳೂ ಚಿತ್ರಪುಸ್ತಕಗಳೂ ಅವರಿಗೆ ಅಷ್ಟನ್ನು ಕಲಿಸಿವೆ. ಆದರೆ ಗುಂತಕಲ್ಲಿನಲ್ಲಿ ರೈಲು ಬದಲಿಸಿ ಪೂರ್ವಕ್ಕೆ ಹೊರಟರೆ ಅದೇ ದಿನ ತಲುಪಬಹುದಾದ ಸ್ಥಳವೊಂದರಲ್ಲಿ ಒಂದಾನೊಂದು ಕಾಲದ ಖಡ್ಗಮೃಗದ ಎಲುಬುಗಳು ದೊರೆತಿದ್ದವೆಂಬುದು ಅವರಿಗೆ ತಿಳಿಯದು. ತಿಳಿಸಬೇಕಾದ ಹೊಣೆ ನಮ್ಮದು. ತಿಳಿಸುವುದಷ್ಟೇ ಅಲ್ಲ, ಅಂಥ ಅವಶೇಷಗಳು ಯಾರ ಸೊತ್ತು, ಅವನ್ನು ಹೇಗೆ ಹುಡುಕಬೇಕು, ಹೇಗೆ ಕಾಯಬೇಕು ಎಂಬುದನ್ನೂ ಕಲಿಸಬೇಕಾಗಿದೆ. ಎಲುಬು ಸಿಕ್ಕ ಜಾಗದ ದಾಖಲೆ ಎಲುಬಿನಷ್ಟೇ ಬೆಲೆಯುಳ್ಳದ್ದು ಎಂಬ ಪಾಠವನ್ನು ಬಿಲ್ಲಸುರ್ಗಂನ ಕಥೆ ಬೇರೆ ಯಾವ ಕಥೆಗಿಂತಲೂ ಸ್ಪಷ್ಟವಾಗಿ ಬೋಧಿಸುತ್ತದೆ.

ಬಂಡೆಯ ವಯಸ್ಸು, ಎಲುಬಿನ ವಯಸ್ಸು

ಪಳೆಯುಳಿಕೆ ನಮಗೆ ಅಪರಿಚಿತ ವಸ್ತುವಲ್ಲ. ಅನೇಕರ ಮನೆಯ ದೇವರ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುವ ಸಾಲಿಗ್ರಾಮವು ಗಂಡಕೀ ನದಿಯ ಸೀಮೆಯಿಂದ ಬಂದ, ಬಹು ಪ್ರಾಚೀನ ಕಡಲಜೀವಿಯೊಂದರ ಸುರುಳಿಯಾಕಾರದ ಚಿಪ್ಪಿನ ಪಳೆಯುಳಿಕೆ. ಅದು ಬೆನ್ನೆಲುಬಿಲ್ಲದ ಜೀವಿ. ಅಂಥ ಚಿಪ್ಪುಗಳು ಕಡಲ ತಳದಲ್ಲಿ ಲಕ್ಷಗಟ್ಟಲೆ ಶೇಖರವಾಗಿ ಉಳಿಯುತ್ತವೆ. ಕಶೇರುಕಗಳ, ಅಂದರೆ ಬೆನ್ನೆಲುಬುಳ್ಳ ಪ್ರಾಣಿಗಳ, ಅವಶೇಷಗಳ ಸ್ಥಿತಿ ಬೇರೆ. ನೆಲದ ಮೇಲೆ ಸತ್ತ ಪ್ರಾಣಿಯನ್ನು ನರಿ ನಾಯಿಗಳು ಎಳೆದಾಡುತ್ತವೆ, ಬಿಸಿಲು ಮಳೆಗಳು ಎಲುಬನ್ನು ಪುಡಿಮಾಡುತ್ತವೆ. ಸಾವಿರಾರು ಪ್ರಾಣಿಗಳಲ್ಲಿ ಒಂದರ ಒಂದು ಹಲ್ಲೋ ದವಡೆಯೋ ಮಣ್ಣಿನಡಿ ಸೇರಿ ಉಳಿದರೆ ಅದೇ ಭಾಗ್ಯ. ಆದ್ದರಿಂದಲೇ ವಿಜ್ಞಾನದಲ್ಲಿ ಅವುಗಳಿಗೆ ಅಷ್ಟೊಂದು ಬೆಲೆ.

ಆದವಾನಿಯ ಕೋಟೆಬೆಟ್ಟದ ಬಂಡೆಗಳಲ್ಲಿ ಇಂಥ ಅವಶೇಷಗಳನ್ನು ಹುಡುಕುವುದು ವ್ಯರ್ಥ. ಈ ಭಾಗದ ಗ್ರಾನೈಟು, ನೈಸು ಶಿಲೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಅವು ಭೂಗರ್ಭದ ಕಾವಿನಲ್ಲಿ ರೂಪುಗೊಂಡ ಶಿಲೆಗಳು. ಪೂರ್ವಕ್ಕೆ ಸಾಗಿದಂತೆ ನೆಲ ಬದಲಾಗುತ್ತದೆ. ಬೇತಂಚೆರ್ಲ, ಬನಗಾನಪಲ್ಲಿ, ಕೊಲಿಮಿಗುಂಡ್ಲದ ಕಡೆ ಪದರ ಪದರವಾದ ಸುಣ್ಣಕಲ್ಲು ಕಾಣಿಸಿಕೊಳ್ಳುತ್ತದೆ. ಸಮೀಪ ಸೀಮೆಯ ಮನೆಗಳ ನೆಲಹಾಸಿಗೆ ಬಳಸುವ ಬೇತಂಚೆರ್ಲದ ಚಪ್ಪಡಿಗಳು ಇದೇ ಕಲ್ಲಿನಿಂದ ಸೀಳಿದವು. ಸುಣ್ಣಕಲ್ಲು ನೀರಿಗೆ ಕರಗುವ ಗುಣವುಳ್ಳದ್ದು. ಮಳೆಯ ನೀರು ಬಿರುಕುಗಳಲ್ಲಿ ಇಳಿದು ಸಾವಿರಾರು ವರ್ಷಗಳ ಕಾಲ ಕೊರೆದು ಗವಿಗಳನ್ನು ನಿರ್ಮಿಸಿದೆ. ಪ್ರವಾಸಿಗರಿಗೆ ಸುಪರಿಚಿತವಾದ ಬೇಲಂ ಗವಿಗಳು ಹಾಗೆಯೇ ಆದವು, ಬಿಲ್ಲಸುರ್ಗಂ ಗವಿಗಳೂ ಹಾಗೆಯೇ ಆದವು.

ಇಲ್ಲಿ ವಿದ್ಯಾರ್ಥಿಗಳು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗವಿಯ ಗೋಡೆಯ ಸುಣ್ಣಕಲ್ಲು ಅತಿ ಪ್ರಾಚೀನ. ಅದು ಕೆಸರಾಗಿ ಸಂಚಯಗೊಳ್ಳುತ್ತಿದ್ದಾಗ ನೆಲದ ಮೇಲೆ ನಡೆಯುವ ಪ್ರಾಣಿಗಳೇ ಇರಲಿಲ್ಲ. ಎಲುಬುಗಳು ಇರುವುದು ಗೋಡೆಯ ಕಲ್ಲಿನಲ್ಲಲ್ಲ, ಗವಿಯ ನೆಲದ ಮೇಲೆ ಬಹು ಕಾಲಾನಂತರ ತುಂಬಿದ ಮಣ್ಣಿನಲ್ಲಿ. ಮಾಂಸಾಹಾರಿಗಳು ಬೇಟೆಯನ್ನು ಗವಿಗೆ ಎಳೆದು ತಂದವು. ಮುಳ್ಳುಹಂದಿಗಳು ಹಲ್ಲು ಮಸೆಯಲು ಎಲುಬುಗಳನ್ನು ಕೂಡಿಹಾಕಿದವು. ಮಳೆನೀರು ಮೇಲಿನ ಮಣ್ಣನ್ನು ಒಳಕ್ಕೆ ಹೊತ್ತು ತಂದು ಅವನ್ನು ಮುಚ್ಚಿತು. ಸೂರಿನಿಂದ ತೊಟ್ಟಿಕ್ಕಿದ ಸುಣ್ಣದ ನೀರು ಆ ಮಣ್ಣನ್ನು ಗಾರೆಯಂತೆ ಬಿಗಿಯಿತು. ಹೀಗೆ ಪದರದ ಮೇಲೆ ಪದರ ಸೇರಿ, ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ಕ್ರಮದಲ್ಲಿ ಗವಿಯೇ ಒಂದು ಕಡತವಾಯಿತು.

ನ್ಯೂಬೋಲ್ಡ್, ಫೂಟ್, ಲಿಡೆಕ್ಕರ್

ಈ ಕಡತವನ್ನು ಮೊದಲು ತೆರೆದು ಲೋಕಕ್ಕೆ ತಿಳಿಸಿದವರು ಮದರಾಸು ಸೈನ್ಯದ ಕ್ಯಾಪ್ಟನ್ ಥಾಮಸ್ ಜಾನ್ ನ್ಯೂಬೋಲ್ಡ್. ಕರ್ನೂಲಿನ ನವಾಬರ ಆಳ್ವಿಕೆ 1839ರಲ್ಲಿ ಕೊನೆಗೊಂಡು ಆ ಸೀಮೆ ಕಂಪನಿ ಸರ್ಕಾರದ ಕೈಸೇರಿದ ಕೆಲವೇ ವರ್ಷಗಳಲ್ಲಿ ಅವರು ಈ ಗವಿಗಳನ್ನು ಕಂಡರು. ಬಿಲ್ಲಸುರ್ಗಂನ ಎಲುಬುಭರಿತ ಮಣ್ಣಿನ ಕುರಿತು ಅವರು ಬರೆದ ಟಿಪ್ಪಣಿ 1844ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿಯೇ ಗವಿಗಳಿರುವ ಅಕ್ಷಾಂಶ, ರೇಖಾಂಶಗಳನ್ನು ನಮೂದಿಸಿದ್ದರೆಂಬುದು ಗಮನಾರ್ಹ. ಸೈನಿಕನ ಶಿಸ್ತು ವಿಜ್ಞಾನಕ್ಕೆ ಒದಗಿಬಂದ ಸಂದರ್ಭವದು.

ಅನಂತರ ನಲವತ್ತು ವರ್ಷಗಳಷ್ಟು ಕಾಲ ಹೇಳಿಕೊಳ್ಳುವಂಥ ಕೆಲಸ ನಡೆಯಲಿಲ್ಲ. ಆ ಮೌನವನ್ನು ಮುರಿದವರು ರಾಬರ್ಟ್ ಬ್ರೂಸ್ ಫೂಟ್. ಕನ್ನಡಿಗರಿಗೆ, ವಿಶೇಷವಾಗಿ ಬಳ್ಳಾರಿ ಸೀಮೆಯವರಿಗೆ, ಫೂಟ್ ಅವರು ಪರಕೀಯರಲ್ಲ. 1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯನ್ನು ಸೇರಿ, 1863ರ ಮೇ ತಿಂಗಳಲ್ಲಿ ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ನಾಂದಿ ಹಾಡಿದವರು ಅವರು. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ಬೃಹತ್ ವರದಿ 1895ರಲ್ಲಿ ಹೊರಬಂದಿತು. ಆಗ ಆದವಾನಿ, ಆಲೂರು, ರಾಯದುರ್ಗಗಳು ಆ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ. ಬಳ್ಳಾರಿಯ ಪುರಾತತ್ತ್ವ ವಸ್ತುಸಂಗ್ರಹಾಲಯವೊಂದು ಇಂದು ಅವರ ಮತ್ತು ಸಂಗನಕಲ್ಲಿನ ಹೆಸರುಗಳನ್ನು ಒಟ್ಟಿಗೆ ಹೊತ್ತು ನಿಂತಿದೆ.

ಬಿಲ್ಲಸುರ್ಗಂಗೆ ಅವರು ಹೋದದ್ದಕ್ಕೊಂದು ಹಿನ್ನೆಲೆಯುಂಟು. ಆಗ ಯೂರೋಪಿನ ಗವಿಗಳಲ್ಲಿ ಪ್ರಾಚೀನ ಮಾನವನ ಮತ್ತು ಅಳಿದುಹೋದ ಪ್ರಾಣಿಗಳ ಅವಶೇಷಗಳು ಒಟ್ಟಿಗೆ ದೊರೆತು ವಿದ್ವಲ್ಲೋಕದಲ್ಲಿ ಸಂಚಲನ ಉಂಟಾಗಿತ್ತು. ಭಾರತದ ಗವಿಗಳಲ್ಲಿಯೂ ಹುಡುಕಬೇಕೆಂದು ಪ್ರಸಿದ್ಧ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿಯವರು ಮದರಾಸಿನ ಗವರ್ನರ್ ಗ್ರಾಂಟ್ ಡಫ್ ಅವರಿಗೆ ಸಲಹೆಯಿತ್ತರು. ಆ ಪ್ರೇರಣೆಯಿಂದ ಕೆಲಸ ಫೂಟ್ ಅವರ ಪಾಲಿಗೆ ಬಂದಿತು. ಅವರು ಆರಂಭಿಸಿದ ಉತ್ಖನನವನ್ನು ಅವರ ಮಗ, ಸೈನ್ಯದ ಫಿರಂಗಿ ದಳದಲ್ಲಿ ಲೆಫ್ಟಿನೆಂಟ್ ಆಗಿದ್ದ ಹೆನ್ರಿ ಬ್ರೂಸ್ ಫೂಟ್, ಮುಂದುವರಿಸಿದರು. 1884 ಮತ್ತು 1885ರಲ್ಲಿ ಸರ್ವೇಕ್ಷಣಾ ಇಲಾಖೆಯ ಪತ್ರಿಕೆಯಲ್ಲಿ ಮೂರು ವರದಿಗಳು ಪ್ರಕಟವಾದವು. ಗವಿಗಳಿಗೆ ಅವರಿತ್ತ ಹೆಸರುಗಳು ಇಂದಿಗೂ ಶಾಸ್ತ್ರಗ್ರಂಥಗಳಲ್ಲಿ ಬಳಕೆಯಲ್ಲಿವೆ. ಎಲುಬಿನ ರಾಶಿಯಿದ್ದ ಗವಿ ‘ಚಾರ್ನೆಲ್ ಹೌಸ್’, ಅಂದರೆ ಅಸ್ಥಿಗೃಹ. ಎತ್ತರದ ಕಮಾನಿನದು ‘ಕಥೀಡ್ರಲ್’. ಉಳಿದವು ‘ಪರ್ಗೇಟರಿ’, ‘ಚಾಪ್ಟರ್ ಹೌಸ್’. ತೆಲುಗು ಸೀಮೆಯ ಗವಿಗಳಿಗೆ ಇಂಗ್ಲೆಂಡಿನ ಇಗರ್ಜಿಯ ಹೆಸರುಗಳು ಬಂದದ್ದು ಹೀಗೆ.

ದೊರೆತ ಎಲುಬುಗಳನ್ನು ಪರಿಶೀಲಿಸಿ ಗುರುತಿಸಿದವರು ರಿಚರ್ಡ್ ಲಿಡೆಕ್ಕರ್. ಕರ್ನೂಲು ಗವಿಗಳ ಪ್ರಾಣಿಸಮೂಹವನ್ನು ಕುರಿತ ಅವರ ಗ್ರಂಥಭಾಗ 1886ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಖಡ್ಗಮೃಗದ ಹೊಸ ಜಾತಿಯೊಂದನ್ನು ಹೆಸರಿಸಿದರು: ರೈನೋಸರಸ್ ಕರ್ನೂಲಿಯೆನ್ಸಿಸ್. ಇಂದು ಖಡ್ಗಮೃಗವನ್ನು ನೋಡಬೇಕಾದರೆ ಅಸ್ಸಾಮಿಗೋ ಹಿಮಾಲಯದ ತಪ್ಪಲಿಗೋ ಹೋಗಬೇಕು. ಮುಂಗಾರು ಕೈಕೊಟ್ಟರೆ ಕುಡಿಯುವ ನೀರಿಗೂ ತತ್ತರಿಸುವ ಈ ಬಯಲುಸೀಮೆಯ ಹೆಸರನ್ನು ಖಡ್ಗಮೃಗವೊಂದು ಹೊತ್ತಿದೆಯೆಂದರೆ ಒಂದು ಕಾಲದಲ್ಲಿ ಇಲ್ಲಿಯ ಹುಲ್ಲು, ಕೆಸರು, ನೀರಿನ ನೆಲೆಗಳು ಎಷ್ಟು ಬೇರೆಯಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ಇಂದು ಆಫ್ರಿಕದಲ್ಲಿ ಮಾತ್ರ ಜೀವಿಸಿರುವ ಚುಕ್ಕೆಯ ಕತ್ತೆಕಿರುಬ, ಅಲ್ಲಿಯ ಕಾಡುಕತ್ತೆ, ಬಬೂನ್ ಕೋತಿ, ದೈತ್ಯ ಚಿಪ್ಪುಹಂದಿಗಳನ್ನು ಹೋಲುವ ಅವಶೇಷಗಳನ್ನೂ ಲಿಡೆಕ್ಕರ್ ಪಟ್ಟಿಮಾಡಿದರು. ಅವರ ಗುರುತಿಸುವಿಕೆಗಳಲ್ಲಿ ಕೆಲವನ್ನು ಮುಂದಿನ ವಿದ್ವಾಂಸರು ಮರುಪರಿಶೀಲನೆಗೆ ಒಡ್ಡಿದ್ದಾರೆ. ಹಾಗೆ ಮರುಪರಿಶೀಲಿಸಲು ಸಾಧ್ಯವಾದದ್ದೇ ಅವರು ವಿವರವಾಗಿ ಬರೆದಿಟ್ಟದ್ದರಿಂದ.

ಉಳಿದುದು ಮತ್ತು ಕಳೆದುದು

ಫೂಟ್ ತಂದೆಮಕ್ಕಳಿಗೆ ಎಲುಬುಗಳ ಜೊತೆಯಲ್ಲಿ, ಮನುಷ್ಯರು ಎಲುಬಿನಿಂದಲೇ ಮಾಡಿದ್ದೆಂದು ಅವರು ಭಾವಿಸಿದ ಉಪಕರಣಗಳೂ ದೊರೆತಿದ್ದವು. ಯೂರೋಪಿನ ಹಿಮಯುಗದ ಬೇಟೆಗಾರರ ಉಪಕರಣಗಳಿಗೆ ಅವನ್ನು ಹೋಲಿಸಲಾಯಿತು. ಆದರೆ ಆ ಸಂಗ್ರಹ ಮುಂದೆ ವಿದ್ವಾಂಸರ ಕೈಗೆ ಸಿಗದೆ ಹೋಯಿತು. ವಸ್ತುವೇ ಇಲ್ಲದ ಮೇಲೆ ವಾದಕ್ಕೆ ಆಧಾರವೆಲ್ಲಿ? ಅವು ನಿಜವಾಗಿಯೂ ಮನುಷ್ಯನ ಕೈಕೆಲಸವೇ, ಅಥವಾ ಮುಳ್ಳುಹಂದಿ ಕಡಿದ ಎಲುಬುಗಳೇ ಎಂಬ ಸಂಶಯ ದಶಕಗಳ ಕಾಲ ಉಳಿಯಿತು. ಎಲ್.ಎ. ಕಮ್ಮಿಯಾಡ್ ಎಂಬವರು 1920ರ ದಶಕದಲ್ಲಿ ಕರ್ನೂಲಿನ ಗವಿಗಳ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡು ಬರೆದರು. ಆದರೂ ಸಂಶಯ ಪೂರ್ತಿ ಪರಿಹಾರವಾಗಲಿಲ್ಲ.

ಪರಿಹಾರ ದೊರೆತದ್ದು 1970ರ ದಶಕದಲ್ಲಿ. ಪುರಾತತ್ತ್ವಜ್ಞ ಎಂ.ಎಲ್.ಕೆ. ಮೂರ್ತಿಯವರು ಇದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ ಉತ್ಖನನ ನಡೆಸಿದರು. ಇಲ್ಲಿ ತೆಲುಗಿನ ‘ಗವಿ’ಯೂ ಕನ್ನಡದ ‘ಗವಿ’ಯೂ ಒಂದೇ ಎಂಬುದನ್ನು ಮಕ್ಕಳು ಗಮನಿಸಲಿ. ಆ ಗವಿಯಲ್ಲಿ ಪ್ರಾಣಿಗಳ ಎಲುಬುಗಳೊಂದಿಗೆ ಎಲುಬಿನ ಉಪಕರಣಗಳೂ ಬೆಂಕಿ ಹಾಕಿದ ಒಲೆಯ ಗುರುತೂ ದೊರೆತವು. ಸುಟ್ಟ ಮಣ್ಣಿನ ಕಾಲನಿರ್ಣಯ ಅದನ್ನು ಸುಮಾರು 17 ಸಾವಿರ ವರ್ಷಗಳಷ್ಟು ಹಿಂದಿನದೆಂದು ತೋರಿಸಿತು. ಕರ್ನೂಲಿನ ಗವಿಗಳಲ್ಲಿ ಶಿಲಾಯುಗದ ಅಂತ್ಯಭಾಗದ ಬೇಟೆಗಾರರು ಎಲುಬನ್ನು ಬಳಸುತ್ತಿದ್ದರೆಂಬ ಮಾತಿಗೆ ಹೀಗೆ ಬಲ ಬಂದಿತು. ಒಂದು ಸಂಗ್ರಹ ಕಳೆದುಹೋದದ್ದರಿಂದ ಒಂದು ಸತ್ಯವು ಸುಮಾರು ತೊಂಬತ್ತು ವರ್ಷ ಕಾಯಬೇಕಾಯಿತು.

ಬಿಲ್ಲಸುರ್ಗಂಗೆ ವಿದ್ವಾಂಸರು ಮತ್ತೆ ಮರಳಿದ್ದು ಈ ಶತಮಾನದಲ್ಲಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಮೈಕೆಲ್ ಪೆಟ್ರಾಗ್ಲಿಯಾ ಮೊದಲಾದ ವಿದೇಶಿ ವಿದ್ವಾಂಸರೂ ಕೂಡಿದ ತಂಡ ಫೂಟ್ ಅವರ ವರದಿಗಳನ್ನು ಕೈಯಲ್ಲಿ ಹಿಡಿದು ಗವಿಗಳನ್ನು ಪ್ರವೇಶಿಸಿತು. ಹಳೆಯ ಉತ್ಖನನದಿಂದ ಉಳಿದಿದ್ದ ಮಣ್ಣಿನ ಪದರಗಳನ್ನು ಅವರು ಪರೀಕ್ಷಿಸಿದರು. ಮಣ್ಣಿನೊಳಗಿನ ಹರಳುಗಳು ಕೊನೆಯ ಬಾರಿ ಬೆಳಕು ಕಂಡ ಕಾಲವನ್ನು ಅಳೆಯುವ ಆಧುನಿಕ ವಿಧಾನ ಫೂಟ್ ಅವರ ಕಾಲದಲ್ಲಿ ಯಾರ ಕನಸಿನಲ್ಲಿಯೂ ಇರಲಿಲ್ಲ. ಆ ವಿಧಾನದ ನೆರವಿನಿಂದ ಪದರಗಳಿಗೆ ವಯಸ್ಸು ದೊರೆಯಿತು. ಪ್ಯಾಟ್ರಿಕ್ ರಾಬರ್ಟ್ಸ್ ಮೊದಲಾದವರ ಹೆಸರಿನಲ್ಲಿ 2014ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು.

ಆ ಫಲಿತಾಂಶ ಎಲ್ಲರ ಗಮನ ಸೆಳೆಯಿತು. ಅಮೆರಿಕ, ಯೂರೋಪ್, ಆಸ್ಟ್ರೇಲಿಯಾ ಖಂಡಗಳಲ್ಲಿ ಹಿಮಯುಗದ ಕೊನೆಯ ಭಾಗದಲ್ಲಿ ದೊಡ್ಡ ಪ್ರಾಣಿಗಳು ಗುಂಪುಗುಂಪಾಗಿ ಅಳಿದವು. ಬಿಲ್ಲಸುರ್ಗಂನಲ್ಲಿ ಆ ತಂಡ ಗುರುತಿಸಿದ 21 ಸಸ್ತನಿ ಬಗೆಗಳಲ್ಲಿ 20 ಬಗೆಗಳು ಕನಿಷ್ಠ ಒಂದು ಲಕ್ಷ ವರ್ಷಗಳಿಂದ, ಕೆಲವು ಎರಡು ಲಕ್ಷ ವರ್ಷಗಳಿಂದ, ಭಾರತ ಉಪಖಂಡದಲ್ಲಿ ಅಳಿಯದೆ ಉಳಿದುಬಂದಿವೆ. ಕೆಲವು ಪ್ರಾಣಿಗಳು ಒಂದೆಡೆಯಿಂದ ಕಾಣೆಯಾಗಿ ಇನ್ನೊಂದೆಡೆ ಆಶ್ರಯ ಪಡೆದಿವೆ. ಹವಾಮಾನ ಬದಲಾದರೂ, ಮನುಷ್ಯನ ಬೇಟೆಯ ನಡುವೆಯೂ, ಚದುರಿದ ಕಾಡುಗಳಲ್ಲಿ ಅವು ಬದುಕಿದವು. ಹಾಗಾದರೆ ಲಕ್ಷ ವರ್ಷಗಳನ್ನು ದಾಟಿ ಬಂದ ಪ್ರಾಣಿಗಳನ್ನು ನಮ್ಮ ಕಾಲದಲ್ಲಿಯೇ ಕಳೆದುಕೊಳ್ಳುವುದು ಎಂಥ ಅಪಚಾರವೆಂಬುದನ್ನು ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲವೂ ಸಾಧ್ಯವಾದದ್ದು ಎರಡು ಕಾರಣಗಳಿಂದ. ಫೂಟ್ ತಂದೆಮಕ್ಕಳು ಯಾವ ಗವಿ, ಯಾವ ಪದರ, ಯಾವ ಎಲುಬು ಎಂಬುದನ್ನು ಬರೆದಿಟ್ಟಿದ್ದರು. ಜೊತೆಗೆ ಗವಿಯ ಮಣ್ಣಿನಲ್ಲಿ ಒಂದಷ್ಟು ಅಗೆಯದೆ ಉಳಿದಿತ್ತು. ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಗುವಿನ ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ ಇವಿಷ್ಟೂ ಇದ್ದರೆ ಆ ಸಾಲು ಎಷ್ಟು ವರ್ಷವಾದರೂ ಒಬ್ಬ ವ್ಯಕ್ತಿಯ ಸಾಕ್ಷ್ಯ. ಬರಿಯ ಹೆಸರಿದ್ದು ಉಳಿದ ಅಂಕಣಗಳು ಖಾಲಿಯಾಗಿದ್ದರೆ ಅದರಿಂದ ಯಾರಿಗೂ ಪ್ರಮಾಣಪತ್ರ ಕೊಡಲಾಗದು. ಎಲುಬಿನದೂ ಹಾಗೆಯೇ. ಎಲ್ಲಿ, ಯಾವ ಪದರದಲ್ಲಿ, ಯಾವುದರ ಜೊತೆಗೆ ಸಿಕ್ಕಿತು ಎಂಬ ವಿವರವಿಲ್ಲದ ಎಲುಬು ಕಪಾಟಿನ ಅಲಂಕಾರ ಮಾತ್ರ.

ಸಾರ್ವಜನಿಕ ನೆಲದ ಸೊತ್ತು

ಗವಿ, ಗುಡ್ಡ, ಹಳ್ಳ, ಪೊರಂಬೋಕು, ಅರಣ್ಯ ಇವು ಯಾರೊಬ್ಬರ ಪಟ್ಟಾ ಜಮೀನಲ್ಲ. ‘ಯಾರದೂ ಅಲ್ಲ’ ಎಂಬ ಮಾತಿಗೆ ನಮ್ಮ ಜನರು ಎರಡು ಅರ್ಥಗಳನ್ನು ಕಟ್ಟಿಕೊಂಡಿದ್ದಾರೆ. ಯಾರದೂ ಅಲ್ಲದ್ದನ್ನು ಯಾರು ಬೇಕಾದರೂ ಒಯ್ಯಬಹುದು ಎಂಬುದೊಂದು. ಯಾರದೂ ಅಲ್ಲದ್ದು ಎಲ್ಲರದು, ಆದ್ದರಿಂದ ಯಾರೂ ಒಯ್ಯಕೂಡದು ಎಂಬುದಿನ್ನೊಂದು. ಊರ ಕೆರೆಯ ವಿಷಯದಲ್ಲಿ, ದೇವರ ಬನದ ವಿಷಯದಲ್ಲಿ ನಮ್ಮ ಹಿರಿಯರು ಎರಡನೆಯ ಅರ್ಥವನ್ನೇ ಎತ್ತಿಹಿಡಿದಿದ್ದರು. ಪಳೆಯುಳಿಕೆಗಳ ವಿಷಯದಲ್ಲಿಯೂ ಅದೇ ಅರ್ಥ ಸಲ್ಲಬೇಕು.

ಈ ವಿಚಾರವನ್ನು ಶಾಸನದ ಮಾತಿನಲ್ಲಿ ಸ್ಪಷ್ಟಪಡಿಸಿದ ದೇಶಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಒಂದು. ಅಲ್ಲಿ 2009ರಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಕೇಂದ್ರ ಸರ್ಕಾರದ ಭೂಮಿಯಲ್ಲಿ ಸಿಗುವ ಕಶೇರುಕ ಪಳೆಯುಳಿಕೆಗಳನ್ನು ಅನುಮತಿಪತ್ರವಿಲ್ಲದೆ ಯಾರೂ ತೆಗೆಯುವಂತಿಲ್ಲ. ಅರ್ಹ ವಿದ್ವಾಂಸರಿಗೆ ಮಾತ್ರ ಅನುಮತಿ ದೊರೆಯುತ್ತದೆ. ತೆಗೆದ ಮೇಲೂ ಅವು ಸರ್ಕಾರದ ಸೊತ್ತಾಗಿಯೇ ಉಳಿದು, ಮಾನ್ಯತೆ ಪಡೆದ ಸಂಗ್ರಹಾಲಯವನ್ನು ಸೇರಬೇಕು. ಸಾಮಾನ್ಯವಾದ ಚಿಪ್ಪುಗಳನ್ನೂ ಸಸ್ಯದ ಅಚ್ಚುಗಳನ್ನೂ ಹವ್ಯಾಸಿಗಳು ಕೆಲವೆಡೆ ಸ್ವಂತಕ್ಕಾಗಿ ಸ್ವಲ್ಪ ಆಯ್ದುಕೊಳ್ಳಬಹುದು, ಎಲುಬುಗಳಿಗೆ ಆ ವಿನಾಯಿತಿಯಿಲ್ಲ. ಕಳ್ಳರ ಭಯದಿಂದ ತಾಣಗಳ ನಿಖರ ವಿಳಾಸವನ್ನು ಗೋಪ್ಯವಾಗಿಡುವುದಕ್ಕೂ ಅಲ್ಲಿ ಅವಕಾಶವಿದೆ. ಖಾಸಗಿ ಜಮೀನಿನಲ್ಲಿ ಸಿಕ್ಕದ್ದು ಮಾತ್ರ ಜಮೀನುದಾರನಿಗೇ ಸೇರುತ್ತದೆ. ಯೂಟಾ ಪ್ರಾಂತದಲ್ಲಿ 1909ರಲ್ಲಿ ಅರ್ಲ್ ಡಗ್ಲಸ್ ಎಂಬವರು ಕಂಡ ಡೈನೋಸಾರ್ ಎಲುಬುಗಳ ತಾಣವನ್ನು 1915ರಲ್ಲಿಯೇ ರಾಷ್ಟ್ರೀಯ ಸ್ಮಾರಕವೆಂದು ಸಾರಲಾಯಿತು. ಎಲುಬುಗಳಿರುವ ಬಂಡೆಯ ಗೋಡೆಗೇ ಸೂರು ಕಟ್ಟಿ, ಅವು ಬಿದ್ದ ಸ್ಥಿತಿಯಲ್ಲಿಯೇ ಜನರಿಗೆ ತೋರಿಸುತ್ತಿದ್ದಾರೆ.

ನಮ್ಮ ದೇಶದಲ್ಲಿಯೂ ಒಳ್ಳೆಯ ಉದಾಹರಣೆಗಳಿವೆ. 1851ರಲ್ಲಿ ಸ್ಥಾಪಿತವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಹಿಮಾಚಲ ಪ್ರದೇಶದ ಸಾಕೇತಿಯಲ್ಲಿ ಶಿವಾಲಿಕ್ ಬೆಟ್ಟಗಳ ಕಶೇರುಕ ಪಳೆಯುಳಿಕೆಗಳಿಗಾಗಿ 1974ರಲ್ಲಿ ಉದ್ಯಾನವನ್ನು ತೆರೆಯಿತು. ಗುಜರಾತಿನ ಬಾಲಾಸಿನೋರ್ ಬಳಿಯ ರಯ್ಯೋಲಿಯಲ್ಲಿ ಡೈನೋಸಾರ್ ಎಲುಬು ಮತ್ತು ಮೊಟ್ಟೆಗಳ ತಾಣ ರಕ್ಷಣೆ ಪಡೆದಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯಂತಹ ಅನೇಕ ಸ್ಥಳಗಳನ್ನು ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿದೆ. ಆದರೆ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತಹ ಶಾಸನಗಳು ಮುಖ್ಯವಾಗಿ ಮನುಷ್ಯನ ಕೈಕೆಲಸವನ್ನು ಲಕ್ಷಿಸಿ ರಚಿತವಾದವು. ಗುಡಿ, ಕೋಟೆ, ಶಾಸನಗಳಿಗೆ ದೊರೆಯುವ ಬಲವಾದ ಆಸರೆ ಪ್ರಾಣಿಗಳ ಎಲುಬಿಗೆ ದೊರೆಯುವುದು ಕಷ್ಟ. ಈ ಕೊರತೆಯನ್ನು ನೀಗಲು ಕೇಂದ್ರದ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂಪರಂಪರೆಯ ತಾಣಗಳು ಹಾಗೂ ಭೂ ಅವಶೇಷಗಳ ರಕ್ಷಣೆಗೆಂದು ವಿಧೇಯಕದ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಅಂಥ ಕಾಯಿದೆ ಎಷ್ಟು ಬೇಗ ನೆಲಕ್ಕಿಳಿದು ಬಲವಾಗಿ ನಡೆದರೆ ಅಷ್ಟು ಒಳ್ಳೆಯದು.

ತಡಮಾಡಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಬನಗಾನಪಲ್ಲಿಯ ಹತ್ತಿರದ ಜ್ವಾಲಾಪುರದಲ್ಲಿ ಸುಮಾರು 74 ಸಾವಿರ ವರ್ಷಗಳ ಹಿಂದೆ ಸುಮಾತ್ರ ದ್ವೀಪದ ತೋಬಾ ಜ್ವಾಲಾಮುಖಿ ಉಗುಳಿದ ಬೂದಿಯ ಪದರವಿದೆ. ಅದರ ಮೇಲೂ ಕೆಳಗೂ ಶಿಲಾಯುಗದ ಮಾನವನ ಉಪಕರಣಗಳು ದೊರೆತು ಜಗತ್ತಿನ ವಿದ್ವಾಂಸರೆಲ್ಲ ಆ ಹಳ್ಳಿಯ ಹೆಸರನ್ನು ಕಲಿತರು. ಆ ಬೂದಿಯನ್ನೇ ವ್ಯಾಪಾರಕ್ಕಾಗಿ ಅಗೆದು ಸಾಗಿಸಲಾಗಿದೆ. ಸುಣ್ಣಕಲ್ಲಿನ ಗಣಿಗಾರಿಕೆಯಾದರೋ ಬೇತಂಚೆರ್ಲ ಸೀಮೆಯ ಸಾವಿರಾರು ಕುಟುಂಬಗಳ ಅನ್ನ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ಕಲ್ಲಿನ ಉದ್ಯಮದಿಂದ ಬಾಳಿದವರಿದ್ದಾರೆ. ಆದರೆ ಗಣಿಯ ಗುತ್ತಿಗೆ ಕೊಡುವ ಮುನ್ನ ಆ ಗುಡ್ಡದ ಗವಿಗಳಲ್ಲಿ, ಬಿರುಕುಗಳಲ್ಲಿ ಏನಿದೆಯೆಂದು ಒಮ್ಮೆ ಬಲ್ಲವರಿಂದ ನೋಡಿಸುವುದು ಯಾರ ಅನ್ನಕ್ಕೂ ಕುತ್ತು ತಾರದು. ಒಡೆದ ಬಂಡೆಯ ಬದಲು ಇನ್ನೊಂದು ಬಂಡೆ ದೊರೆತೀತು. ಒಮ್ಮೆ ಚೆಲ್ಲಾಪಿಲ್ಲಿಯಾದ ಗವಿಯ ಮಣ್ಣನ್ನು ಮತ್ತೆ ಪದರಗಳಾಗಿ ಜೋಡಿಸಲು ಯಾರಿಂದಲೂ ಆಗದು. ನಿಧಿಯ ಆಸೆಯಿಂದ ಗವಿಗಳ ನೆಲ ಅಗೆಯುವವರು ಮಾಡುವ ಹಾನಿಯೂ ಇದೇ ಬಗೆಯದು.

ಸರ್ವೇಕ್ಷಣೆಯ ಕ್ರಮ

ಪಳೆಯುಳಿಕೆಗಳ ಸರ್ವೇಕ್ಷಣೆ ಎಂದರೆ ಗುದ್ದಲಿ ಹಿಡಿದು ಹೊರಡುವುದೆಂದು ಅನೇಕರ ಭಾವನೆ. ವಾಸ್ತವದಲ್ಲಿ ಗುದ್ದಲಿಯ ಸರದಿ ಕೊನೆಯದು. ಮೊದಲು ಭೂನಕ್ಷೆಯ ನೆರವಿನಿಂದ ಎಂಥ ಶಿಲೆ, ಎಂಥ ಮಣ್ಣು ಎಲ್ಲಿದೆಯೆಂದು ತಿಳಿಯುತ್ತಾರೆ. ಅನಂತರ ಮಳೆಗಾಲ ಕಳೆದ ಮೇಲೆ, ಹೊಸದಾಗಿ ಕೊರೆದ ಹಳ್ಳದ ದಂಡೆಗಳಲ್ಲಿ, ಗವಿಯ ಬಾಯಿಗಳಲ್ಲಿ ನೆಲವನ್ನು ನೋಡುತ್ತ ನಡೆಯುತ್ತಾರೆ. ಎಲುಬಿನ ತುಣುಕು ಕಂಡರೆ ಮುಟ್ಟುವ ಮೊದಲು ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆಯುತ್ತಾರೆ, ಉಪಗ್ರಹದ ನೆರವಿನಿಂದ ಸ್ಥಾನವನ್ನು ಗುರುತು ಮಾಡುತ್ತಾರೆ, ಪದರದ ಬಣ್ಣ, ದಪ್ಪ, ಕಣಗಳ ಗಾತ್ರವನ್ನು ಬರೆದುಕೊಳ್ಳುತ್ತಾರೆ. ತೆಗೆಯಲೇಬೇಕಾದರೆ ಅಂಟುದ್ರವದಿಂದ ಗಟ್ಟಿಮಾಡಿ, ಗೋಣಿತಾಟು ಮತ್ತು ಪ್ಲಾಸ್ಟರಿನ ಕವಚ ತೊಡಿಸಿ, ಮುರಿದ ಕೈಗೆ ಕಟ್ಟುವ ಕಟ್ಟಿನಂತೆ ಭದ್ರಪಡಿಸಿ ಮೇಲೆತ್ತುತ್ತಾರೆ. ಸಂಖ್ಯೆ, ಚೀಟಿ, ವಹಿಗಳಲ್ಲಿ ದಾಖಲಾದ ಮೇಲೆಯೇ ಅದು ಸಂಗ್ರಹಾಲಯದ ಕಪಾಟನ್ನು ಸೇರುತ್ತದೆ. ಅಲ್ಲಿಯೂ ತೇವ, ಗೆದ್ದಲು, ಮರೆವು ಎಂಬ ಮೂರು ಶತ್ರುಗಳಿಂದ ಅದನ್ನು ಕಾಯಬೇಕು. ಮೂರರಲ್ಲಿ ಮರೆವೇ ಬಲಿಷ್ಠ. ಫೂಟ್ ಅವರ ಎಲುಬಿನ ಉಪಕರಣಗಳ ಗತಿಯೇ ಅದಕ್ಕೆ ಸಾಕ್ಷಿ.

ಇದಕ್ಕೆ ಪ್ರತಿಯಾಗಿ ಅವರದೇ ಇನ್ನೊಂದು ಸಂಗ್ರಹದ ಭಾಗ್ಯವನ್ನು ನೋಡಬೇಕು. ದಕ್ಷಿಣ ಭಾರತದಾದ್ಯಂತ ಅವರು ಕೂಡಿಸಿದ ಕಲ್ಲಿನ ಆಯುಧಗಳು, ಮಡಕೆಯ ಚೂರುಗಳನ್ನು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ 1904ರಲ್ಲಿ ಕೊಂಡಿತು. ಫೂಟ್ ಅವರು 1912ರಲ್ಲಿ ತೀರಿಕೊಂಡರು. ಅವರು ಸಿದ್ಧಪಡಿಸಿದ್ದ ಸೂಚಿಯ ಸಂಪುಟಗಳು 1914 ಮತ್ತು 1916ರಲ್ಲಿ ಮುದ್ರಣಗೊಂಡವು. ಜಿಲ್ಲೆ, ಊರುಗಳ ಪ್ರಕಾರ ಜೋಡಿಸಿದ ಆ ಸೂಚಿಯನ್ನು ಹಿಡಿದು ಇಂದಿಗೂ ವಿದ್ವಾಂಸರು ಬಳ್ಳಾರಿ ಸೀಮೆಯ ಗುಡ್ಡಗಳಿಗೆ ಹೋಗುತ್ತಾರೆ. ಒಬ್ಬನೇ ವ್ಯಕ್ತಿಯ ದುಡಿಮೆಯಲ್ಲಿ ವಿಳಾಸ ಸಹಿತವಾಗಿ ಉಳಿದದ್ದು ಶತಮಾನದ ನಂತರವೂ ಮಾತನಾಡುತ್ತಿದೆ, ಕೈತಪ್ಪಿದ್ದು ಮೌನವಾಗಿದೆ.

ಗಡಿನಾಡಿನ ಮಕ್ಕಳಿಗೆ

ನಮ್ಮ ಶಾಲೆ ಆರಂಭವಾದಾಗ ಆದವಾನಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದರ ಪಾಲಾದವು, ಬಳ್ಳಾರಿ ಮೊದಲಾದವು ಮೈಸೂರಿಗೆ ಸೇರಿದವು. ನಾವು ಕರ್ನೂಲು ಜಿಲ್ಲೆಯವರಾದೆವು. ಆ ದಿನದಿಂದ ಬಿಲ್ಲಸುರ್ಗಂ ನಮ್ಮದೇ ಜಿಲ್ಲೆಯ ಗವಿಯಾಯಿತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಮರುವಿಂಗಡಣೆಯಾಗಿ ಬೇತಂಚೆರ್ಲ ಹೊಸ ನಂದ್ಯಾಲ ಜಿಲ್ಲೆಗೆ ಸೇರಿತು. ನಾಳೆ ಇನ್ನೇನು ಬದಲಾವಣೆಯೋ ತಿಳಿಯದು. ಗೆರೆಗಳನ್ನು ಹಾಕುವವರು ಬರುತ್ತಾರೆ, ಹೋಗುತ್ತಾರೆ. ಗವಿ ಇದ್ದಲ್ಲಿಯೇ ಇದೆ. ಅದನ್ನು ತೆಲುಗರ ಸೊತ್ತೆಂದೋ ಕನ್ನಡಿಗರ ಸೊತ್ತೆಂದೋ ವಾದಿಸುವುದಕ್ಕೆ ಅಲ್ಲಿಯ ಖಡ್ಗಮೃಗಕ್ಕೆ ಎರಡೂ ಭಾಷೆಗಳು ತಿಳಿಯವು. ಅದು ಈ ನೆಲದಲ್ಲಿ ಬಾಳುವ ಎಲ್ಲರ ಸೊತ್ತು, ಆದ್ದರಿಂದ ಎಲ್ಲರ ಹೊಣೆ.

ಗಡಿನಾಡಿನ ಕನ್ನಡ ಶಾಲೆಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ನಮ್ಮ ಮಕ್ಕಳಿಗೆ ಭಾಷೆಯೊಂದು, ರಾಜ್ಯವೊಂದು. ಬೆಂಗಳೂರಿನ ಪುಸ್ತಕಗಳಲ್ಲಿ ಅವರ ಊರಿಲ್ಲ, ಅವರ ರಾಜ್ಯದ ಪುಸ್ತಕಗಳಲ್ಲಿ ಅವರ ಮಾತು ಅಪರೂಪ. ತಾವು ನಿಂತ ನೆಲದ ಚರಿತ್ರೆಯನ್ನು ತಮ್ಮ ಮಾತಿನಲ್ಲಿಯೇ ಓದುವ ಅವಕಾಶ ಅವರಿಗೆ ದೊರೆಯಬೇಕು. ಯಾರೋ ಬರೆದುಕೊಡುವರೆಂದು ಕಾಯುವುದಕ್ಕಿಂತ ಅದನ್ನು ಬರೆಯುವ ಕೆಲಸವನ್ನು ಶಾಲೆಯೇ ಆರಂಭಿಸುವುದು ಒಳಿತು.

ಆದ್ದರಿಂದ ಶತಮಾನೋತ್ಸವದ ಈ ಸಂದರ್ಭದಲ್ಲಿ ನಾವು ಒಂದು ವಹಿಯನ್ನು ತೆರೆಯಲು ನಿಶ್ಚಯಿಸಿದ್ದೇವೆ. ದಾಖಲಾತಿ ಪುಸ್ತಕದ ಪಕ್ಕದಲ್ಲಿಯೇ ಅದು ಇರತಕ್ಕದ್ದು. ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ, ದನ ಕಾಯುವಾಗ, ಹೊಲದ ಬಾವಿ ತೋಡಿಸುವಾಗ ವಿಚಿತ್ರವಾದ ಎಲುಬು, ಹಲ್ಲು, ಕಲ್ಲಿನ ಆಯುಧ ಕಂಡ ವಿದ್ಯಾರ್ಥಿ ಅದನ್ನು ಕೀಳದೆ, ಒಯ್ಯದೆ, ತೊಳೆಯದೆ, ಎಲ್ಲಿ ಕಂಡಿತು, ಯಾವ ದಿನ, ನೆಲದಿಂದ ಎಷ್ಟು ಆಳದಲ್ಲಿ, ಜೊತೆಯಲ್ಲಿ ಏನಿತ್ತು ಎಂಬುದನ್ನು ಬಂದು ಹೇಳಬೇಕು. ನಾಣ್ಯವೊಂದನ್ನು ಇಟ್ಟು ತೆಗೆದ ಚಿತ್ರವಿದ್ದರೆ ಗಾತ್ರವೂ ತಿಳಿಯುತ್ತದೆ. ಶಿಕ್ಷಕರು ಅದನ್ನು ವಹಿಯಲ್ಲಿ ಬರೆದು, ಮುಖ್ಯವೆಂದು ಕಂಡುದನ್ನು ಹೈದರಾಬಾದಿನಲ್ಲಿರುವ ಭೂವೈಜ್ಞಾನಿಕ ಸರ್ವೇಕ್ಷಣೆಯ ದಕ್ಷಿಣ ವಲಯ ಕಚೇರಿಗೋ ರಾಜ್ಯದ ಪುರಾತತ್ತ್ವ ಇಲಾಖೆಗೋ ತಿಳಿಸುವರು. ಹತ್ತರಲ್ಲಿ ಒಂಬತ್ತು ಇತ್ತೀಚಿನ ದನದ ಎಲುಬೇ ಆಗಿರಬಹುದು. ಚಿಂತೆಯಿಲ್ಲ, ನೋಡುವ ಕಣ್ಣು ಬೆಳೆಯುವುದು ಹಾಗೆಯೇ.

ಆ ವಹಿಯ ಮೊದಲ ಪುಟದಲ್ಲಿ ಬಿಲ್ಲಸುರ್ಗಂ ಎಂಬ ಹೆಸರನ್ನೂ ನ್ಯೂಬೋಲ್ಡರು 1844ರಲ್ಲಿ ಕೊಟ್ಟ ಅಕ್ಷಾಂಶ, ರೇಖಾಂಶಗಳನ್ನೂ ಬರೆದಿಡಲಾಗುವುದು. ಮುಂದಿನ ಪುಟಗಳು ಖಾಲಿಯಿವೆ. ಅವನ್ನು ತುಂಬುವ ಭಾರವನ್ನು ಶಾಲೆಯ ಎರಡನೆಯ ಶತಮಾನದ ಮಕ್ಕಳಿಗೆ ವಹಿಸುತ್ತಿದ್ದೇವೆ.